ಕಡಲಿಗೆ ಒಂದು ದಿನ ಜಾಸ್ತಿ ಕೊಡು

ಹೊನ್ನಾವರ
ದೀಪಾವಳಿ ಕಳೆದ ವಾರ

ಪ್ರೀತಿಯ ಸುಹಾಸ,

ಡಿಸೆಂಬರ್‌ನಲ್ಲಿ ನೀವು ನಾಲ್ವರು ನೇತ್ರಾಣಿ ದ್ವೀಪಕ್ಕೆ ಸ್ಕೂಬಾ ಡೈವಿಂಗ್‌ಗೆ ಬರುತ್ತೀರಿ ಅಂತ ತಿಳಿದು ತುಂಬ ಖುಷಿಯಾಯಿತು ಮಾಣಿ. ಫೋನಿನಲ್ಲಿ ಹೇಳಿದರೆ ನೀನು ‘ಹೂಂ ದೊಡ್ಡಮ್ಮ, ಆಯ್ತು ದೊಡ್ಡಮ್ಮ’ ಅಂದು ಮುಗಿಸಿಬಿಡುತ್ತೀಯ. ಅದಕ್ಕೇ ಕೂತು ಬರೆಯುತ್ತಿದ್ದೇನೆ. ಪೂರ್ತಿ ಓದು. ಆಮೇಲೆ ಗೆಳೆಯರಿಗೂ ಓದಿಸು.

ನೀನು ಕಳಿಸಿದ ಪ್ಲಾನ್ ನೋಡಿದೆ. ಶುಕ್ರವಾರ ರಾತ್ರಿ ಬಸ್ಸು, ಶನಿವಾರ ಬೆಳಿಗ್ಗೆ ಡೈವ್, ಸಂಜೆಯೇ ಚಿಕ್ಕಮಗಳೂರಿನ ಕಡೆ, ಭಾನುವಾರ ಮುಳ್ಳಯ್ಯನಗಿರಿಯಲ್ಲಿ ಸೂರ್ಯೋದಯ, ರಾತ್ರಿಗೆ ಬೆಂಗಳೂರು. ಇದಕ್ಕೆ ನನ್ನ ಒಪ್ಪಿಗೆ ಇಲ್ಲ.

ನೀರಿನಲ್ಲಿ 10 ಮೀಟರ್ ಇಳಿದರೆ ಮೈಮೇಲಿನ ಒತ್ತಡ ಎರಡರಷ್ಟಾಗುತ್ತದೆ. ಆ ಒತ್ತಡದಲ್ಲಿ ಉಸಿರಾಡಿದಾಗ ಗಾಳಿಯಲ್ಲಿರುವ ಸಾರಜನಕ ಜಾಸ್ತಿ ಜಾಸ್ತಿ ರಕ್ತದಲ್ಲಿ ಕರಗಿ ಕೂರುತ್ತದೆ. ಮೇಲೆ ಬಂದ ಮೇಲೆ ಅದು ಉಸಿರಿನ ದಾರಿಯಲ್ಲೇ ಮೆಲ್ಲಗೆ ಹೊರಗೆ ಹೋಗಬೇಕು. ಚಿಕ್ಕವನಿದ್ದಾಗ ಜಾತ್ರೆಯಲ್ಲಿ ಗೋಲಿ ಸೋಡಾ ಕುಡಿದಿದ್ದೆಯಲ್ಲ? ಗೋಲಿ ಒತ್ತಿ ಒತ್ತಡ ಬಿಟ್ಟ ಕೂಡಲೇ ಗುಳ್ಳೆ ಉಕ್ಕುತ್ತಿತ್ತು. ಒತ್ತಡ ಒಮ್ಮೆಲೇ ಇಳಿದರೆ ಮೈಯೊಳಗೂ ಹಾಗೆಯೇ ಗುಳ್ಳೆ ಏಳಬಹುದು. ಕೀಲುನೋವು, ಕೈಕಾಲು ಜೋಮು, ಇನ್ನೂ ಕೆಟ್ಟದಾದರೆ ಲಕ್ವ ಹೊಡೆದ ಹಾಗೆ ಆಗುತ್ತದೆ.

ಡೈವ್ ಮಾಡಿದ ಮೇಲೆ ವಿಮಾನ ಹತ್ತಬಾರದು ಅನ್ನುವುದು ಇದಕ್ಕೇ. ಒಂದೇ ಡೈವ್ ಆಗಿದ್ದರೆ ಕನಿಷ್ಠ 12 ಗಂಟೆ, ಒಂದಕ್ಕಿಂತ ಹೆಚ್ಚಾಗಿದ್ದರೆ ಕನಿಷ್ಠ 18 ಗಂಟೆ ಕಾಯಬೇಕು. ‘ನಾವು ವಿಮಾನದಲ್ಲಿ ಹೋಗುತ್ತಿಲ್ಲವಲ್ಲ’ ಅಂತ ನೀನು ಹೇಳಬಹುದು. ನಮ್ಮ ಕಡೆ ಎಲ್ಲರೂ ಮರೆಯುವುದು ಇಲ್ಲೇ. ವಿಮಾನದೊಳಗಿನ ಗಾಳಿಯ ಒತ್ತಡ ಸುಮಾರು 1,800ರಿಂದ 2,400 ಮೀಟರ್ ಎತ್ತರದ ಬೆಟ್ಟದ ಮೇಲೆ ಇದ್ದಷ್ಟು ಇರುತ್ತದೆ. ಮುಳ್ಳಯ್ಯನಗಿರಿ ಸುಮಾರು 1,930 ಮೀಟರ್. ಅಂದರೆ ನೀವು ವಿಮಾನ ಹತ್ತದೇ ವಿಮಾನದ ಎತ್ತರಕ್ಕೆ ಹೋಗುತ್ತಿದ್ದೀರಿ, ಅದೂ ರಾತ್ರೋರಾತ್ರಿ. 600 ಮೀಟರ್ ದಾಟಿದ ಯಾವ ಊರಿಗೂ ಈ ಲೆಕ್ಕ ಅನ್ವಯಿಸುತ್ತದೆ. ಬೆಂಗಳೂರು 900 ಮೀಟರಿಗಿಂತ ಮೇಲಿದೆ.

ಮೊದಲ ಸಲದವರನ್ನು 12 ಮೀಟರಿಗಿಂತ ಕೆಳಗೆ ಕರೆದುಕೊಂಡು ಹೋಗುವುದಿಲ್ಲ. ನೀರಿನಲ್ಲಿ ಇರುವ ಹೊತ್ತೂ ಕಡಿಮೆ. ಅಪಾಯ ಸಣ್ಣದೇ, ಇಲ್ಲ ಅನ್ನುವುದಿಲ್ಲ. ಆದರೆ ಒಂದು ರಾತ್ರಿ ಸಮುದ್ರದ ಮಟ್ಟದಲ್ಲೇ ಮಲಗಿ ಎದ್ದರೆ ಆ ಸಣ್ಣ ಅಪಾಯವೂ ಇನ್ನಷ್ಟು ಕಡಿಮೆಯಾಗುತ್ತದೆ ಅಂದಮೇಲೆ ಅವಸರ ಯಾಕೆ? ನಮ್ಮ ಮನೆ ಇದೆ. ಶನಿವಾರ ರಾತ್ರಿ ಇಲ್ಲಿ ಉಳಿಯಿರಿ. ಭಾನುವಾರ ಮಧ್ಯಾಹ್ನ ಊಟ ಮಾಡಿ ಘಟ್ಟ ಹತ್ತಿ. ಮುಳ್ಳಯ್ಯನಗಿರಿಗೆ ಇನ್ನೊಂದು ಸಲ ಹೋಗಬಹುದು. ಎರಡನ್ನೂ ಈಗಲೇ ನೋಡಬೇಕು ಅಂತಿದ್ದರೆ ಮೊದಲು ಬೆಟ್ಟ ಹತ್ತಿ, ಆಮೇಲೆ ಕಡಲಿಗೆ ಬನ್ನಿ. ಆ ಕ್ರಮದಲ್ಲಿ ಯಾವ ತೊಂದರೆಯೂ ಇಲ್ಲ.

ಡೈವ್‌ಗೆ ಮೊದಲೂ ಬಿಡುವು ಬೇಕು. ರಾತ್ರಿಯಿಡೀ ಬಸ್ಸಿನಲ್ಲಿ ಕುಲುಕಿ, ನಿದ್ದೆ ಇಲ್ಲದೆ, ಬೆಳಿಗ್ಗೆ ನೇರವಾಗಿ ದೋಣಿ ಹತ್ತಿದವರ ಪಾಡು ನಾನು ಎಷ್ಟೋ ಸಲ ನೋಡಿದ್ದೇನೆ. ಮುರುಡೇಶ್ವರದಿಂದ ನೇತ್ರಾಣಿಗೆ ಸುಮಾರು 19 ಕಿಲೋಮೀಟರ್. ದೋಣಿಯಲ್ಲಿ ಒಂದೂವರೆ ಗಂಟೆ ಹಿಡಿಯುತ್ತದೆ. ಹಿಂದೆ ತಿರುಗಿ ನೋಡಿದರೆ 123 ಅಡಿಯ ಶಿವನ ಮೂರ್ತಿ ಹೆಬ್ಬೆರಳಷ್ಟು ಆಗಿ, ಆಮೇಲೆ ಮಂಜಿನಲ್ಲಿ ಕರಗಿಹೋಗುತ್ತದೆ. ಅಷ್ಟೂ ಹೊತ್ತು ಅಲೆಯ ಮೇಲೆ ಏರಿಳಿತ. ಅರ್ಧ ಜನ ದ್ವೀಪ ಕಾಣುವ ಮೊದಲೇ ವಾಂತಿ ಮಾಡಿ ಸುಸ್ತಾಗಿರುತ್ತಾರೆ. ಅದಕ್ಕೇ ಶುಕ್ರವಾರ ರಜೆ ಹಾಕಿ ಹಗಲಿಗೇ ಬಂದುಬಿಡಿ. ಮುರುಡೇಶ್ವರದಲ್ಲೇ ರೈಲು ನಿಲ್ದಾಣ ಇದೆ. ರಾತ್ರಿ ಬೇಗ ಮಲಗಿ. ಕುಡಿಯುವವರು ಯಾರಾದರೂ ಇದ್ದರೆ ಆ ರಾತ್ರಿ ಬೇಡ ಅಂತ ಗಟ್ಟಿಯಾಗಿ ಹೇಳು. ಮೈಯಲ್ಲಿ ನೀರು ಕಡಿಮೆಯಾದರೆ ನಾನು ಹೇಳಿದ ಗುಳ್ಳೆಯ ಕಾಟ ಜಾಸ್ತಿ.

ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲೂ ಹೋಗಬಾರದು, ಬನ್ಸು-ಭಾಜಿ ತಿಂದೂ ಹೋಗಬಾರದು. ಎರಡು ಇಡ್ಲಿ ಸಾಕು. ದೋಣಿಯಲ್ಲಿ ಹಿಂಭಾಗದಲ್ಲಿ, ಗಾಳಿ ಬರುವ ಕಡೆ ಕೂರು. ಮೊಬೈಲ್ ನೋಡಬೇಡ. ಆಕಾಶ ಕಡಲನ್ನು ಮುಟ್ಟುವ ಗೆರೆಯನ್ನೇ ನೋಡುತ್ತಿರು. ವಾಂತಿ ತಡೆಯುವ ಮಾತ್ರೆ ಕೆಲವರಿಗೆ ಮಂಪರು ತರಿಸುತ್ತದೆ. ಡಾಕ್ಟರನ್ನು ಕೇಳದೆ ನುಂಗಬೇಡ.

ಈಗ ನನ್ನ ಕಿವಿಯ ಕತೆ ಹೇಳುತ್ತೇನೆ. ನಿನ್ನ ಅಮ್ಮನಿಗೂ ಪೂರ್ತಿ ಗೊತ್ತಿಲ್ಲ.

ನಾನು ಮೊದಲ ಸಲ ನೇತ್ರಾಣಿಯಲ್ಲಿ ನೀರಿಗೆ ಇಳಿದಾಗ ನನಗೆ 49 ವರ್ಷ. ಆ ದಿನ ಕಂಡದ್ದನ್ನು ಬರೆಯಲು ಕೂತರೆ ಈ ಪತ್ರ ಮುಗಿಯುವುದಿಲ್ಲ. ಮಾರನೆಯ ವರ್ಷ ಮತ್ತೆ ಹೊರಟೆ. ನಿನ್ನ ಅಕ್ಕ ನನ್ನ ಜೊತೆ ಬರಲೆಂದೇ ದೂರದಿಂದ ಬಂದಿದ್ದಳು. ದುಡ್ಡು ಕಟ್ಟಿ ಆಗಿತ್ತು. ನನಗೆ ಹಿಂದಿನ ದಿನದಿಂದ ನೆಗಡಿ. ಮೂಗು ಬಿಡುವ ಮಾತ್ರೆ ನುಂಗಿ ದೋಣಿ ಹತ್ತಿದೆ. ದೋಣಿಯವರು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಮೂರು ಮೀಟರ್ ಇಳಿಯುವಷ್ಟರಲ್ಲಿ ಎಡಗಿವಿ ಒತ್ತತೊಡಗಿತು. ಒತ್ತಡ ಸರಿಮಾಡಲು ಮೂಗು ಹಿಡಿದು ಊದಿದೆ, ಕಿವಿ ಬಿಡಲಿಲ್ಲ. ಕೈಸನ್ನೆ ಮಾಡಿ ಮೇಲಕ್ಕೆ ಹೋಗಬೇಕಿತ್ತು. ಎಲ್ಲರ ದಿನ ಹಾಳು ಮಾಡಿದ ಹಾಗಾಗುತ್ತದೆ ಅನ್ನಿಸಿ ಹಲ್ಲು ಕಚ್ಚಿ ಇನ್ನೂ ಇಳಿದೆ. ಒಳಗೆ ಏನೋ ಹರಿದ ಹಾಗೆ ಚುರುಕ್ ಅಂದಿತು. ತಣ್ಣೀರು ಒಳಗೆ ನುಗ್ಗಿ ಲೋಕವೇ ಗಿರ್ರನೆ ತಿರುಗಿತು. ಮೇಲೆ ಯಾವುದು, ಕೆಳಗೆ ಯಾವುದು ತಿಳಿಯಲಿಲ್ಲ. ಹಿಂದೆ ಇದ್ದ ಇನ್‌ಸ್ಟ್ರಕ್ಟರ್ ನನ್ನನ್ನು ಹಿಡಿದುಕೊಂಡೇ ಇದ್ದರು, ಅದರಿಂದ ಬದುಕಿದೆ. ಕಿವಿಯ ತಮಟೆ ಹರಿದಿತ್ತು. ವಾಸಿಯಾಗಲು ತಿಂಗಳುಗಳೇ ಹಿಡಿದವು. ಆಮೇಲೆ ಡಾಕ್ಟರ ಒಪ್ಪಿಗೆ ಪಡೆದು, ಕೋರ್ಸ್ ಮಾಡಿಯೇ ಮತ್ತೆ ನೀರಿಗೆ ಇಳಿದೆ. ಇವತ್ತಿಗೂ ರಾತ್ರಿ ಮನೆ ನಿಶ್ಶಬ್ದವಾದಾಗ ಆ ಕಿವಿಯಲ್ಲಿ ಜೀರುಂಡೆ ಕೂಗಿದಂತೆ ಕೇಳುತ್ತದೆ.

ಹಾಗಾಗಿ ಮಾಣಿ, ನೆಗಡಿ ಇದ್ದರೆ ನೀರಿಗೆ ಇಳಿಯಬೇಡ. ಮಾತ್ರೆ ನುಂಗಿ ಮೂಗು ಬಿಟ್ಟರೂ ಬೇಡ. ನೀರೊಳಗೆ ಇದ್ದಾಗಲೇ ಮಾತ್ರೆಯ ಬಲ ಇಳಿದರೆ, ಮೇಲೆ ಬರುವಾಗ ಕಿವಿಯೊಳಗಿನ ಗಾಳಿ ಹೊರಗೆ ಬರಲಾಗದೆ ಸಿಕ್ಕಿಹಾಕಿಕೊಳ್ಳುತ್ತದೆ. ನೆಗಡಿ ಇಲ್ಲದಿದ್ದರೂ ಕಿವಿ ನೋಯುವವರೆಗೆ ಕಾಯಬಾರದು. ನೀರಿನ ಮೇಲೇ ಒಂದು ಸಲ ಮೂಗು ಹಿಡಿದು ಮೆಲ್ಲಗೆ ಊದು. ಇಳಿಯುವಾಗ ಪ್ರತಿ ಮೀಟರಿಗೂ ಊದು. ಬಿಡದಿದ್ದರೆ ಸ್ವಲ್ಪ ಮೇಲೆ ಬಂದು ಮತ್ತೆ ಪ್ರಯತ್ನಿಸು. ಜೋರಾಗಿ ಊದಬೇಡ.

ಅದಕ್ಕಿಂತಲೂ ದೊಡ್ಡದು ಉಸಿರು. ಸಿಲಿಂಡರಿನ ಗಾಳಿ ಎಳೆಯುತ್ತಿರುವಾಗ ಯಾವತ್ತೂ ಉಸಿರು ಕಟ್ಟಬಾರದು. 10 ಮೀಟರ್ ಕೆಳಗೆ ಪುಪ್ಪುಸದಲ್ಲಿ ತುಂಬಿದ ಗಾಳಿ ಮೇಲೆ ಬರುವಷ್ಟರಲ್ಲಿ ಎರಡರಷ್ಟು ಹಿಗ್ಗುತ್ತದೆ. ಬಾಯಿ ಮುಚ್ಚಿ ಹಿಡಿದರೆ ಅದಕ್ಕೆ ಹೋಗಲು ಜಾಗ ಇಲ್ಲ. ನದಿಯಲ್ಲಿ ಮುಳುಗು ಹಾಕಿ ಬೆಳೆದ ನಮಗೆ ನೀರು ಅಂದರೆ ಉಸಿರು ಕಟ್ಟುವುದೇ ಅಭ್ಯಾಸ. ಆ ಅಭ್ಯಾಸವನ್ನೇ ಬಿಡಬೇಕು. ಹೆದರಿಕೆ ಆದರೂ ಒಮ್ಮೆಲೇ ಮೇಲಕ್ಕೆ ನೆಗೆಯಬೇಡ. ನಿಮಿಷಕ್ಕೆ 9 ಮೀಟರಿಗಿಂತ ನಿಧಾನವಾಗಿ ಬರಬೇಕು. ಸಾಮಾನ್ಯವಾಗಿ 5 ಮೀಟರಿನಲ್ಲಿ ಮೂರು ನಿಮಿಷ ನಿಲ್ಲಿಸುತ್ತಾರೆ.

ಇನ್ನೊಂದು ಮಾತು. ಹೆಬ್ಬೆರಳು ಮೇಲೆತ್ತಿದರೆ ನೀರೊಳಗೆ ‘ಸೂಪರ್’ ಅಂತ ಅಲ್ಲ, ‘ಮೇಲೆ ಹೋಗೋಣ’ ಅಂತ. ಚೆನ್ನಾಗಿದ್ದೇನೆ ಅನ್ನಲು ಹೆಬ್ಬೆರಳು ತೋರುಬೆರಳು ಸೇರಿಸಿ ಉಂಗುರ ಮಾಡಬೇಕು. ಕ್ಯಾಮೆರಾ ಕಂಡ ಕೂಡಲೇ ಹೆಬ್ಬೆರಳು ಎತ್ತುವವರು ಎಷ್ಟು ಜನ! ಪಾಪ, ಅವರನ್ನು ಹಾಗೆಯೇ ಮೇಲೆ ಕರೆತರುತ್ತಾರೆ. ಇದನ್ನು ದೋಣಿಯಲ್ಲೇ ಅಭ್ಯಾಸ ಮಾಡಿಕೊಳ್ಳಿ.

ಬುಕ್ ಮಾಡುವಾಗ ದರ ಒಂದನ್ನೇ ಕೇಳಬೇಡ. ಒಬ್ಬ ಇನ್‌ಸ್ಟ್ರಕ್ಟರ್ ಎಷ್ಟು ಜನರನ್ನು ಕರೆದೊಯ್ಯುತ್ತಾರೆ ಕೇಳು. ಮೊದಲ ಸಲ ಅಂದರೆ ಒಬ್ಬರಿಗೆ ಒಬ್ಬರು ಇರಲೇಬೇಕು. ದೋಣಿಯಲ್ಲಿ ಆಮ್ಲಜನಕದ ಸಿಲಿಂಡರ್ ಇದೆಯಾ, ಏನಾದರೂ ಆದರೆ ಯಾವ ಆಸ್ಪತ್ರೆಗೆ ಒಯ್ಯುತ್ತಾರೆ, ಕಡಲು ಕೆಟ್ಟರೆ ದುಡ್ಡು ವಾಪಸ್ ಕೊಡುತ್ತಾರಾ ಇಲ್ಲಾ ಇನ್ನೊಂದು ದಿನ ಕೊಡುತ್ತಾರಾ, ಎಲ್ಲ ಕೇಳು. ಕೊನೆಯದು ಮುಖ್ಯ. ದುಡ್ಡು ಹೋಗುತ್ತದೆ ಅನ್ನುವ ಚಿಂತೆಯೇ ಜನರನ್ನು ಹಾಳು ಹವೆಯಲ್ಲಿ ದೋಣಿ ಹತ್ತಿಸುತ್ತದೆ. ನನ್ನನ್ನು ನೆಗಡಿಯಲ್ಲಿ ಹತ್ತಿಸಿದ್ದೂ ಅದೇ.

ಡಿಸೆಂಬರ್ ಒಳ್ಳೆಯ ಕಾಲ. ಮಳೆಗಾಲದಲ್ಲಿ ಡೈವಿಂಗ್ ಪೂರ್ತಿ ನಿಂತಿರುತ್ತದೆ, ಅಕ್ಟೋಬರ್ ಹೊತ್ತಿಗೆ ಮತ್ತೆ ಶುರು. ಡಿಸೆಂಬರ್, ಜನವರಿಯಲ್ಲಿ ನೀರು ತಿಳಿಯಾಗಿ, ಪುಣ್ಯ ಇದ್ದರೆ 15 ಮೀಟರ್ ಆಚೆಯದೂ ಕಾಣುತ್ತದೆ. ಗಾಳಿ ಎದ್ದರೆ ಅದೇ ಡಿಸೆಂಬರ್‌ನಲ್ಲೂ ದೋಣಿ ಬಿಡುವುದಿಲ್ಲ. ಆಗ ಭಾನುವಾರ ಒಂದು ದಿನ ಕೈಯಲ್ಲಿದ್ದರೆ ಅವತ್ತು ಹೋಗಬಹುದು, ಸೋಮವಾರ ಘಟ್ಟ ಹತ್ತಬಹುದು. ಸೋಮವಾರ ಬೆಳಿಗ್ಗೆ ಆಫೀಸಿಗೆ ಬರಲಾಗದೇ ಇರಬಹುದು ಅಂತ ಈಗಲೇ ಹೇಳಿಡಿ.

ದ್ವೀಪದ ಮೇಲೆ ಇಳಿಯುವ ಆಸೆ ಬೇಡ. ನೌಕಾಪಡೆ ಅದನ್ನು ಗುರಿ ಅಭ್ಯಾಸಕ್ಕೆ ಬಳಸಿದ ಜಾಗ, ಸಿಡಿಯದ ಗುಂಡುಗಳು ಅಲ್ಲಿ ಸಿಕ್ಕಿವೆ. ದೋಣಿಯಿಂದಲೇ ತಲೆ ಎತ್ತಿ ನೋಡು, ಬಿಳಿಹೊಟ್ಟೆಯ ಕಡಲ ಹದ್ದು ಬಂಡೆಯ ನೆತ್ತಿಯಲ್ಲಿ ಕೂತಿರುತ್ತದೆ.

ನೀರಿನೊಳಗೆ ಏನು ಕಾಣುತ್ತದೆ ಅಂತ ಎಲ್ಲ ಹೇಳಿ ನಿನ್ನ ಬೆರಗು ಕಸಿಯುವುದಿಲ್ಲ. ಗಿಳಿಮೀನು ಹವಳ ಕಡಿಯುವ ಕಟಕಟ ಸದ್ದು ಕಿವಿಗೊಟ್ಟರೆ ಕೇಳುತ್ತದೆ, ಅದನ್ನು ಮಾತ್ರ ತಪ್ಪಿಸಿಕೊಳ್ಳಬೇಡ. ತೊರಕೆ ಮೀನು ಮರಳಿನಲ್ಲಿ ಹುದುಗಿರುತ್ತದೆ, ಕಡಲಾಮೆ ಬಂದರೂ ಬಂದೀತು. ಯಾವುದನ್ನೂ ಮುಟ್ಟಬೇಡ. ಲಯನ್‌ಫಿಶ್ ನೋಡಲು ಚೆಂದ, ಅದರ ಮುಳ್ಳಿನಲ್ಲಿ ವಿಷ ಇದೆ. ಹವಳವನ್ನಂತೂ ಕಾಲಿನಿಂದಲೂ ಸೋಕಿಸಬೇಡ. ಅದು ಕಲ್ಲಲ್ಲ, ಜೀವ. ಗುಂಡು ಹವಳ ವರ್ಷಕ್ಕೆ ಹೆಚ್ಚುಕಡಿಮೆ ಒಂದು ಸೆಂಟಿಮೀಟರ್ ಬೆಳೆಯುತ್ತದೆ. ನಿನ್ನ ವಯಸ್ಸಿನಷ್ಟು ವರ್ಷ ಬೆಳೆದದ್ದು ಒಂದು ಒದೆತಕ್ಕೆ ಹಾಳಾಗಬಹುದು. ನೆನಪಿಗೆ ಅಂತ ಒಂದು ಚೂರು ಜೇಬಿಗೆ ಹಾಕಿದರೂ ಕಾನೂನಿನ ಪ್ರಕಾರ ಅಪರಾಧ. ಹವಳಕ್ಕೆ 2001ರಿಂದ ಹುಲಿ, ಆನೆಗೆ ಇರುವಷ್ಟೇ ರಕ್ಷಣೆ ಇದೆ.

ನಿನ್ನ ಗೆಳೆಯರಲ್ಲಿ ಒಬ್ಬ ಇನ್‌ಹೇಲರ್ ಇಟ್ಟುಕೊಳ್ಳುತ್ತಾನೆ ಅಂತ ಹೋದ ಸಲ ನೀನೇ ಹೇಳಿದ್ದೆ. ದೋಣಿ ಹತ್ತುವ ಮೊದಲು ಆರೋಗ್ಯದ ಫಾರಂ ಕೊಡುತ್ತಾರೆ. ಆಸ್ತಮಾ ಇದೆಯಾ ಅನ್ನುವ ಪ್ರಶ್ನೆ ಅದರಲ್ಲಿ ಇರುತ್ತದೆ. ಎಷ್ಟೋ ಹುಡುಗರು ಸುಮ್ನೆ ‘ಇಲ್ಲ’ ಅಂತ ಗೀಚುತ್ತಾರೆ. ಉಸಿರಿನ ಕೊಳವೆ ಕಿರಿದಾದರೆ ಮೇಲೆ ಬರುವಾಗ ಹಿಗ್ಗುವ ಗಾಳಿ ಪುಪ್ಪುಸದಲ್ಲೇ ಸಿಕ್ಕಿಬೀಳುತ್ತದೆ. ಅದು ಪ್ರಾಣಕ್ಕೇ ಬರಬಹುದು. ಅವನು ಈ ವಾರವೇ ಡಾಕ್ಟರ ಹತ್ತಿರ ಹೋಗಿ, ಡೈವಿಂಗ್ ಅಂತ ಹೆಸರು ಹೇಳಿ ಕೇಳಲಿ. ಸರಿ ಅಂದರೆ ಕಾಗದದಲ್ಲಿ ಬರೆಸಿಕೊಳ್ಳಲಿ. ಬೇಡ ಅಂದರೆ ನೀವು ಅವನನ್ನು ಬೆಂಗಳೂರಿನಲ್ಲಿ ಬಿಟ್ಟು ಬರಬೇಡಿ. ನೀವು ಮೂವರು ನೀರಿಗೆ ಇಳಿದಾಗ ಅವನು ನನ್ನ ಜೊತೆ ದೋಣಿಯಲ್ಲಿ ಇರಲಿ. ಆ ದಿನ ನಾನೂ ಬರುತ್ತೇನೆ. ನಾನು ನೀರಿಗೆ ಇಳಿಯುವುದಿಲ್ಲ, ಅವನಿಗೆ ಕಡಲ ಹದ್ದಿನ ಗೂಡು ತೋರಿಸುತ್ತೇನೆ.

ಅವನ ಡಾಕ್ಟರ್ ಏನು ಹೇಳಿದರು ಅಂತ ತಿಳಿಸಿದ ಮೇಲೆ ಟಿಕೆಟ್ ತೆಗೆಸು.

ನಿನ್ನ
ದೊಡ್ಡಮ್ಮ