ಸ್ಟೂಲು ಅಲ್ಲಾಡಿದರೆ ಅಲ್ಲಾಡಲಿ

ಗುಬ್ಬಿ,
ಭಾನುವಾರ

ಚಿ. ಪುಟ್ಟಿಗೆ ನಿನ್ನ ದೊಡ್ಡಪ್ಪ ಮಾಡುವ ಆಶೀರ್ವಾದ.

ಶ್ರೀನಿವಾಸಪುರದ ಕಡೆ ನಿಮ್ಮ ಹೈಸ್ಕೂಲಿನಲ್ಲಿ ಶನಿವಾರ ಶನಿವಾರ ಮಕ್ಕಳಿಗೆ ಮರಗೆಲಸ ಹೇಳಿಕೊಡಲು ಹೊರಟಿದ್ದೀಯಂತೆ. ನಿಮ್ಮಪ್ಪ ಹೇಳಿದ. 28 ವರ್ಷ ಕ್ರಾಫ್ಟ್ ಮೇಷ್ಟ್ರಾಗಿದ್ದವನಿಗೆ ಇದಕ್ಕಿಂತ ಸಂತೋಷದ ಸುದ್ದಿ ಬೇಕೇ? ನಾನು ನಿವೃತ್ತನಾದ ಮೇಲೆ ಆ ಜಾಗಕ್ಕೆ ಯಾರೂ ಬರಲಿಲ್ಲ. ನನ್ನ ಶೆಡ್ಡಿನಲ್ಲಿ ಈಗ ಬಿಸಿಯೂಟದ ಅಕ್ಕಿ ಮೂಟೆ ಇಟ್ಟಿದ್ದಾರೆ. ಹೋಗಲಿ ಬಿಡು.

ಯಾರೋ ದಾನಿಗಳು ಕರೆಂಟಿನ ಗರಗಸ ಕೊಡಿಸುತ್ತೇವೆ ಅಂದಿದ್ದಾರಂತೆ. ಬೇಡ ಅನ್ನು. ಆ ದುಡ್ಡಿಗೆ ಅರ್ಧ ಇಂಚಿನ ಉಳಿ, ಸಣ್ಣ ಕೈಗರಗಸ, ಮೂಲೆಮಟ್ಟ, ಉಳಿ ಬಡಿಯಲು ಮರದ ಕೊಡತಿ, ಎರಡು ಒಳ್ಳೆಯ ಸಾಣೆಕಲ್ಲು ಕೇಳು. ಬೆಂಚು ಮಾತ್ರ ಮಕ್ಕಳ ಅಳತೆಗೇ ಮಾಡಿಸು. ಕೈ ಇಳಿಬಿಟ್ಟು ನಿಂತರೆ ಮಣಿಕಟ್ಟಿನ ಮಟ್ಟಕ್ಕೆ ಬರಬೇಕು. ದೊಡ್ಡವರ ಬೆಂಚಿನ ಮುಂದೆ ಏಳನೇ ಕ್ಲಾಸಿನ ಹುಡುಗಿ ತುದಿಗಾಲಲ್ಲಿ ನಿಂತು ಉಳಿ ಹಿಡಿಯುವುದನ್ನು ನೋಡಿದರೆ ನನಗೆ ಜೀವವೇ ಹೋಗುತ್ತಿತ್ತು.

ಮೊದಲ ಎರಡು ವಾರ ಮರ ಮುಟ್ಟಿಸಬೇಡ, ಸಾಣೆ ಹಿಡಿಸು. ಹರಿತವಾದ ಉಳಿಯಿಂದ ಕೈ ಕೊಯ್ಯುತ್ತದೆ ಎಂದು ನಿಮ್ಮ ಹೆಡ್‌ಮಾಸ್ಟರು ಹೆದರಬಹುದು. ನಾನು ಅರಿಸಿನ ಹಚ್ಚಿ ಬಟ್ಟೆ ಕಟ್ಟಿದ ಬೆರಳುಗಳೆಲ್ಲ ಮೊಂಡು ಉಳಿ ತಂದ ಗಾಯಗಳೇ. ಮೊಂಡಾದರೆ ಮಗು ಮೈಭಾರ ಹಾಕಿ ತಳ್ಳುತ್ತದೆ, ಉಳಿ ಜಾರುತ್ತದೆ. ಎರಡು ಕೈಯೂ ಉಳಿಯ ಹರಿತವಾದ ಬಾಯಿಯ ಹಿಂದೆ ಇರಬೇಕು ಅನ್ನುವುದನ್ನು ದಿನಾ ಹೇಳು, ಬೇಜಾರಾಗುವಷ್ಟು ಹೇಳು. ಉಳಿಯ ಇಳಿಜಾರು ಅಲಗಿನ ದಪ್ಪದ ಎರಡರಷ್ಟು ಉದ್ದ ಬಂದರೆ ಕೋನ ಸರಿಯಾಗಿ 30 ಡಿಗ್ರಿ. ಗಣಿತದ ಟೀಚರ್ ನೀನು, ಯಾಕೆ ಅಂತ ನಿನಗೆ ಹೇಳಬೇಕಿಲ್ಲ. ಸೈನ್ 30 ಅಂದರೆ ಅರ್ಧ ಎಂದು ಬಾಯಿಪಾಠ ಮಾಡಿದ ಹತ್ತನೇ ಕ್ಲಾಸಿನವರ ಕೈಗೆ ಒಂದು ಸ್ಕೇಲು, ಒಂದು ಉಳಿ ಕೊಟ್ಟು ಸುಮ್ಮನೆ ನಿಂತು ನೋಡು.

ಹಾಗೆಯೇ 60 ಸೆಂಟಿಮೀಟರಿನ ಮರದ ರೀಪರ್ ಪಟ್ಟಿ ಕೊಟ್ಟು 15ರ ನಾಲ್ಕು ತುಂಡು ಮಾಡಿ ಅನ್ನು. ಒಂದೊಂದೇ ಅಳೆದು ಕೊಯ್ಯುತ್ತಾ ಹೋಗುತ್ತಾರೆ, ಕೊನೆಯದು ಹೆಚ್ಚುಕಡಿಮೆ ಅರ್ಧ ಸೆಂಟಿಮೀಟರ್ ಗಿಡ್ಡ ಬರುತ್ತದೆ. ಪಕ್ಕದವನು ಕದ್ದ ಅನ್ನುವ ಹಾಗೆ ಮುಖ ನೋಡಿಕೊಳ್ಳುತ್ತಾರೆ! ಕದ್ದದ್ದು ಗರಗಸ, ಕೆಳಗೆ ಹೊಟ್ಟಾಗಿ ಬಿದ್ದಿದೆ. ಅದನ್ನು ಅವರೇ ಕಂಡುಕೊಳ್ಳುವ ತನಕ ಬಾಯಿ ಬಿಡಬೇಡ. 1937ರಲ್ಲಿ ಗಾಂಧೀಜಿ ವಾರ್ಧಾದಲ್ಲಿ ನಯೀ ತಾಲೀಮ್ ಎಂಬ ಶಿಕ್ಷಣ ಪದ್ಧತಿ ಮುಂದಿಟ್ಟಾಗ ಕೇಳಿದ್ದೂ ಇದನ್ನೇ: ಕಸುಬು ಪಾಠದ ಜೊತೆಗೆ ಇನ್ನೊಂದು ಪೀರಿಯಡ್ ಆಗಬಾರದು, ಕಸುಬಿನ ಒಳಗಿಂದಲೇ ಲೆಕ್ಕ, ವಿಜ್ಞಾನ ಬರಬೇಕು. ನಾವು ಅದನ್ನು ಟೈಂಟೇಬಲ್ಲಿನ ಕೊನೆಯ ಪೀರಿಯಡ್ ಮಾಡಿ ಮುಗಿಸಿದೆವು.

ಮರಕ್ಕೆ ದುಡ್ಡು ಸುರಿಯಬೇಡ. ನಿಮ್ಮ ಕಡೆ ಹಳೇ ಮಾವಿನ ಮರ ಕಡಿಯುತ್ತಲೇ ಇರುತ್ತಾರೆ, ಸಾಮಿಲ್ಲಿನಲ್ಲಿ ಕೇಳು. ಅದಕ್ಕೆ ಹುಳ ಬೇಗ ಹತ್ತುತ್ತದೆ, ಆದರೆ ಕಲಿಯುವ ಕೈಗೆ ಸಾಕು. ಸಿಲ್ವರ್ ಓಕ್ ಸಿಕ್ಕರೆ ಇನ್ನೂ ವಾಸಿ. ನೀಲಗಿರಿ ಪುಕ್ಕಟೆ ಕೊಟ್ಟರೂ ಬೇಡ, ಒಣಗುತ್ತಾ ತಿರುಚಿಕೊಂಡು ಸೀಳುತ್ತದೆ. ಪ್ಯಾಕಿಂಗ್ ಪೆಟ್ಟಿಗೆಯ ಹಲಗೆಯಾದರೆ ಮೊದಲು ಮೇಲೆಲ್ಲ ಒಂದು ಅಯಸ್ಕಾಂತ ಆಡಿಸು. ಒಳಗೊಂದು ಮೊಳೆ ಉಳಿದಿದ್ದರೂ ಗರಗಸದ ಹಲ್ಲು ಹೋಯಿತು.

"ಬಡಗಿ ಕೆಲಸ ಕಲಿಯೋಕಾ ಸ್ಕೂಲಿಗೆ ಕಳಿಸಿದ್ದು?" ಎಂದು ಯಾರಾದರೂ ಅಪ್ಪ ಬಂದು ಕೇಳೇ ಕೇಳುತ್ತಾನೆ. ವಾದಕ್ಕಿಳಿಯಬೇಡ, ಮಗ ಮಾಡಿದ್ದನ್ನು ಕೈಗೆ ಕೊಡು.

ಅದು ಮಗನೇ ಮಾಡಿದ್ದಾಗಿರಬೇಕು, ನೋಡು. ಕಾಗದ ಬರೆಯಲು ಕೂತದ್ದೇ ಇದಕ್ಕೆ. ಸ್ವೀಡನ್ನಿನಲ್ಲಿ ಶಾಲೆಯ ಮರಗೆಲಸಕ್ಕೆ ಒಂದು ಪದ್ಧತಿ ಕಟ್ಟಿದ ಒಟ್ಟೋ ಸಾಲೊಮನ್, ಮಗುವಿನ ಕೆಲಸಕ್ಕೆ ಮೇಷ್ಟ್ರು ಕೈ ಹಾಕಕೂಡದು ಎಂದಿದ್ದರು. ಓದಿದ್ದೆ, ಪರೀಕ್ಷೆಯಲ್ಲಿ ಬರೆದೂ ಇದ್ದೆ. ಆದರೆ ಒಂದು ವರ್ಷ ವಸ್ತುಪ್ರದರ್ಶನಕ್ಕೆ ಮೇಲಿನವರು ಬರುತ್ತಾರೆಂದು, ಒಬ್ಬ ಹುಡುಗ ಮಾಡಿದ್ದ ಸ್ಟೂಲನ್ನು ಹಿಂದಿನ ರಾತ್ರಿ ನಾನೇ ಬಿಚ್ಚಿ, ಕಚ್ಚು ಸರಿಮಾಡಿ, ಕಾಲು ಸಮ ಮಾಡಿ, ಉಪ್ಪು ಕಾಗದ ಹಾಕಿ ಉಜ್ಜಿ ಇಟ್ಟೆ. ಬಹುಮಾನ ಬಂತು. ಹುಡುಗ ವೇದಿಕೆ ಹತ್ತಿ ತಗೊಂಡ. ಮಾರನೆ ದಿನ ಎಲ್ಲರೂ ತಂತಮ್ಮದನ್ನು ಮನೆಗೆ ಹೊತ್ತುಕೊಂಡು ಹೋದರು, ಇವನು ಸ್ಟೂಲನ್ನು ಶೆಡ್ಡಿನಲ್ಲೇ ಬಿಟ್ಟ. ಯಾಕೋ ಅಂದರೆ "ಇರ್ಲಿ ಬಿಡಿ ಸಾರ್" ಅಂದ, ಅಷ್ಟೇ. ಆಮೇಲೆ ಅವನು ಉಳಿ ಮುಟ್ಟಲಿಲ್ಲ. ನಿವೃತ್ತನಾಗುವ ತನಕ ಆ ಸ್ಟೂಲಿನ ಮೇಲೆ ನಾನೇ ಕೂತೆ.

ನಿನ್ನ ಮಕ್ಕಳ ಸ್ಟೂಲು ಅಲ್ಲಾಡಿದರೆ ಅಲ್ಲಾಡಲಿ. ತೀರಾ ಸಂಕಟವಾದರೆ ಮೂರು ಕಾಲಿನದು ಮಾಡಿಸು, ಅದು ಎಂಥ ನೆಲದಲ್ಲೂ ಕುಂಟುವುದಿಲ್ಲ.

ದಸರೆ ರಜಕ್ಕೆ ಬಂದಾಗ ನನ್ನ ಪೆಟ್ಟಿಗೆ ತಗೊಂಡು ಹೋಗು. ಬೈರಿಗೆ, ಅರ, ಹತ್ತರಿ ಎಲ್ಲಾ ಎಣ್ಣೆ ಸವರಿ ಇಟ್ಟಿದ್ದೇನೆ. ಹುಣಸೆ ಮರದ ಆ ಕೊಡತಿ ಮಾತ್ರ ನಿಮ್ಮ ತಾತನದು. ಅದನ್ನು ಈಗಲೇ ಕೊಡಲಾರೆ.

ಇಂತಿ,
ನಿನ್ನ ದೊಡ್ಡಪ್ಪ