ಮಗಳಿಗೊಂದು ಪತ್ರ: ಪಾಪನಿವೇದನೆಗೆ ಹೋಗುವ ಮುಂಚೆ

ಪ್ರೀತಿಯ ಮಗಳೇ,

“ದೇವರು ಕ್ಷಮಿಸಿರಬಹುದು ಅಮ್ಮ, ನನ್ನನ್ನು ನಾನೇ ಕ್ಷಮಿಸಿಕೊಳ್ಳೋಕೆ ಆಗ್ತಿಲ್ಲ” ಅಂದೆಯಲ್ಲ, ಅದು ಫೋನಿನಲ್ಲಿ ಮಾತಾಡಿ ಮುಗಿಸುವ ವಿಷಯವಲ್ಲ. ಬರೆದು ಕಳಿಸುತ್ತಿದ್ದೇನೆ, ನಿಧಾನವಾಗಿ ಓದು.

ನಿನ್ನನ್ನು ನೀನೇ ಕ್ಷಮಿಸಿಕೋ ಎಂಬ ಆಜ್ಞೆ ಬೈಬಲಿನಲ್ಲಿ ಎಲ್ಲೂ ಇಲ್ಲ. ಸಂತ ಪೌಲರು ಕೊರಿಂಥದವರಿಗೆ ಬರೆದ ಮೊದಲ ಪತ್ರದ 4ನೆಯ ಅಧ್ಯಾಯ ತೆಗೆದು ನೋಡು. ನನ್ನ ಬಗ್ಗೆ ನಾನೇ ತೀರ್ಪು ಕೊಟ್ಟುಕೊಳ್ಳುವುದಿಲ್ಲ, ಅದು ಪ್ರಭುವಿಗೆ ಬಿಟ್ಟದ್ದು ಎನ್ನುತ್ತಾರೆ. ಬೆನ್ನಿಗೆ ಹೊಕ್ಕ ಮುಳ್ಳನ್ನು ಇನ್ನೊಬ್ಬರ ಕೈಯೇ ತೆಗೆಯಬೇಕು. ನೀನು ಆಗದ ಕೆಲಸವನ್ನು ಮೈಮೇಲೆ ಹಾಕಿಕೊಂಡು, ಅದು ಆಗಲಿಲ್ಲವಲ್ಲ ಎಂದು ಮತ್ತೆ ನಿನ್ನನ್ನೇ ಹಳಿದುಕೊಳ್ಳುತ್ತಿದ್ದೀಯ.

ಯೇಸುವನ್ನು ಹಿಡಿದುಕೊಟ್ಟ ಶಿಷ್ಯ ಯೂದನ ಕಥೆಯನ್ನು ಮತ್ತಾಯ 27ನೆಯ ಅಧ್ಯಾಯದಲ್ಲಿ ಇನ್ನೊಮ್ಮೆ ಓದು. ಅವನಿಗೂ ಪಶ್ಚಾತ್ತಾಪವಾಯಿತು. ಮೂವತ್ತು ಬೆಳ್ಳಿ ನಾಣ್ಯಗಳನ್ನು ವಾಪಸು ತಂದ. ನಿರ್ದೋಷಿಯನ್ನು ಹಿಡಿದುಕೊಟ್ಟು ಪಾಪ ಮಾಡಿದೆ ಎಂದು ಬಾಯಿಬಿಟ್ಟು ಹೇಳಿದ. ದುಃಖಪಟ್ಟ, ಒಪ್ಪಿಕೊಂಡ, ಹಣ ಹಿಂತಿರುಗಿಸಿದ. ಆದರೆ ಹೇಳಿದ್ದು ಯಾರ ಮುಂದೆ? ಅವನನ್ನು ಕೊಂಡುಕೊಂಡ ಯಾಜಕರ ಮುಂದೆ. “ಅದರಿಂದ ನಮಗೇನು? ನೀನೇ ನೋಡಿಕೋ” ಎಂದುಬಿಟ್ಟರು. ಆಮೇಲೆ ಅವನು ತನ್ನ ತೀರ್ಪನ್ನು ತಾನೇ ಬರೆದುಕೊಂಡ, ನೇಣು ಹಾಕಿಕೊಂಡ. ಇನ್ನೊಬ್ಬ ಶಿಷ್ಯ ಪೇತ್ರನ ತಪ್ಪೇನು ಸಣ್ಣದೇ? ಯೊವಾನ್ನರ ಶುಭಸಂದೇಶದ 18ನೆಯ ಅಧ್ಯಾಯದಲ್ಲಿ ಅವನು ಇದ್ದಿಲ ಬೆಂಕಿಗೆ ಕೈಕಾಯಿಸಿಕೊಳ್ಳುತ್ತಾ ಯೇಸುವನ್ನು ಅರಿಯೆನೆಂದ. 21ನೆಯ ಅಧ್ಯಾಯದಲ್ಲಿ, ಪುನರುತ್ಥಾನವಾದ ಮೇಲೆ, ಸರೋವರದ ದಡದಲ್ಲಿ ಯೇಸುಸ್ವಾಮಿ ಮೀನು ಸುಟ್ಟುಕೊಂಡು ಅವನಿಗಾಗಿ ಕಾದದ್ದೂ ಇದ್ದಿಲ ಬೆಂಕಿಯ ಬಳಿಯೇ. ಗ್ರೀಕ್ ಮೂಲದ ‘ಅಂಥ್ರಕಿಯಾ’ ಎಂಬ ಆ ಪದ ಇಡೀ ಹೊಸ ಒಡಂಬಡಿಕೆಯಲ್ಲಿ ಬರುವುದು ಈ ಎರಡೇ ಕಡೆ. ಅದೇ ಹೊಗೆಯ ವಾಸನೆ, ಮೂರು ಸಲದ ನಿರಾಕರಣೆಗೆ “ನನ್ನನ್ನು ಪ್ರೀತಿಸುತ್ತೀಯಾ?” ಎಂಬ ಮೂರು ಸಲದ ಪ್ರಶ್ನೆ. ಮೂರನೆಯ ಸಲ ಕೇಳಿದಾಗ ಪೇತ್ರನಿಗೆ ನೋವಾಯಿತು ಎಂದೂ ಬರೆದಿದೆ. ನೆನಪನ್ನು ಅಳಿಸಿಹಾಕಲಿಲ್ಲ. ಆ ನೆನಪಿನ ಪಕ್ಕದಲ್ಲೇ ಕೂರಿಸಿ, ಊಟ ಹಾಕಿ, ಕುರಿಗಳನ್ನು ಒಪ್ಪಿಸಿದರು.

ಅದಕ್ಕೇ ಹೇಳುವುದು, ಚರ್ಚಿನ ಗುರುಗಳ ಮುಂದೆ ಪಾಪ ಹೇಳಿಕೊಂಡು ಕ್ಷಮೆ ಪಡೆಯುವ ಪಾಪನಿವೇದನೆಗೆ ಹೋಗು. ವರ್ಷಗಳಾಗಿವೆ ಎಂದು ಹೆದರಬೇಡ. ಆದರೆ ಹೋಗುವ ಮುಂಚೆ ಅರ್ಧ ಗಂಟೆ ಒಂದು ಕಡೆ ಕೂತುಕೊಂಡು ಒಂದು ಕೆಲಸ ಮಾಡು. ಇದನ್ನು ಸರಿಯಾಗಿ ಮಾಡದೆ ಹೋದವರೇ ಹೊರಗೆ ಬಂದ ಮೇಲೂ ಅದೇ ಭಾರ ಹೊತ್ತಿರುತ್ತಾರೆ.

ಒಂದು ಹಾಳೆಯನ್ನು ಉದ್ದಕ್ಕೆ ಮಡಚು. ಎಡಗಡೆ ನೀನು ಗೊತ್ತಿದ್ದು, ಮನಸ್ಸಾರೆ ಮಾಡಿದ್ದನ್ನು ಬರೆ. ಬಲಗಡೆ ನಿನ್ನ ಕೈಮೀರಿ ನಡೆದದ್ದನ್ನು. ಘನಪಾಪ ಎನ್ನಬೇಕಾದರೆ ವಿಷಯ ಗಂಭೀರವಾಗಿರಬೇಕು, ತಪ್ಪೆಂದು ಪೂರ್ತಿ ತಿಳಿದಿರಬೇಕು, ಸ್ವಂತ ಇಚ್ಛೆಯಿಂದ ಮಾಡಿರಬೇಕು. ಈ ಮೂರರಲ್ಲಿ ಒಂದು ಇಲ್ಲದಿದ್ದರೂ ಅದು ಘನಪಾಪವಲ್ಲ. ರೈಲು ತಡವಾಗಿ ಕೊನೆಯ ಗಳಿಗೆಗೆ ತಲುಪಲಾಗಲಿಲ್ಲ ಎನ್ನುವುದು, ಗರ್ಭ ನಿಲ್ಲಲಿಲ್ಲ ಎನ್ನುವುದು, ಆಗ ಹಾಗೆ ಮಾಡದಿದ್ದರೆ ಇವತ್ತು ಹೀಗಿರುತ್ತಿರಲಿಲ್ಲ ಎನ್ನುವುದು, ಇವೆಲ್ಲ ದುಃಖ. ಯಾವ ಗುರುಗಳಿಂದಲೂ ಇದಕ್ಕೆ ಪಾಪವಿಮೋಚನೆ ಕೊಡಲಾಗದು, ಏಕೆಂದರೆ ಅಲ್ಲಿ ವಿಮೋಚನೆಯಾಗಬೇಕಾದ ಪಾಪವೇ ಇಲ್ಲ. ಎಷ್ಟು ಸಲ ನಿವೇದಿಸಿದರೂ ಅದು ಹಗುರವಾಗದೆ ಇರುವುದು ಈ ಕಾರಣಕ್ಕೆ. ಆ ಬಲಗಡೆಯದಕ್ಕೆ ಅಳಬೇಕು, ತೀರಿಕೊಂಡವರ ಹೆಸರಿನಲ್ಲಿ ಬಲಿಪೂಜೆ ಹೇಳಿಸಬೇಕು, 88ನೆಯ ಕೀರ್ತನೆ ಓದಬೇಕು. ಆ ಕೀರ್ತನೆ ಕತ್ತಲೆಯಲ್ಲೇ ಮುಗಿಯುತ್ತದೆ, ಸಮಾಧಾನದ ಮಾತೂ ಇಲ್ಲ. ಅಂಥ ಪ್ರಾರ್ಥನೆಗೂ ಬೈಬಲಿನಲ್ಲಿ ಜಾಗವಿದೆ.

ಕಷ್ಟವಾಗುವುದು ಎರಡೂ ಬೆರೆತಾಗ. “ಅವರ ಫೋನು ಬಂದಾಗ ಸಿಟ್ಟಿನಿಂದ ಬೇಕೆಂದೇ ಎತ್ತಲಿಲ್ಲ” ಎಡಗಡೆಗೆ ಹೋಗುತ್ತದೆ. “ಅವತ್ತು ರಾತ್ರಿಯೇ ಅವರು ಹೋಗಿಬಿಟ್ಟರು” ಬಲಗಡೆಗೆ. ಬಿಡಿಸಿ ಬರೆದಾಗ ಎಡಗಡೆ ಉಳಿಯುವುದು ಒಂದು ಸಾಲು. ಆ ಒಂದು ಸಾಲನ್ನು ಹೇಳಬಹುದು. ಎರಡನ್ನೂ ಸೇರಿಸಿ “ನನ್ನಿಂದಲೇ ಅವರು ಸತ್ತರು” ಎಂದುಕೊಂಡರೆ ಅದನ್ನು ಹೊರಲೂ ಆಗದು, ಇಳಿಸಲೂ ಆಗದು.

ಎಡಗಡೆಯಲ್ಲಿ ಏನು ಮಾಡಿದೆ ಎಂದಷ್ಟೇ ಬರೆ. “ನಾನು ಕೆಟ್ಟವಳು, ಯಾವುದಕ್ಕೂ ಲಾಯಕ್ಕಿಲ್ಲ” ಎಂದು ಬರೆಯಬೇಡ, ಅದು ನಿವೇದನೆಯಲ್ಲ. “ಅತ್ತಿಗೆಯ ಬಗ್ಗೆ ಸುಳ್ಳು ಹೇಳಿದೆ, ಇಬ್ಬರ ಹತ್ತಿರ, ಒಂದು ಸಲ” ಎನ್ನುವುದು ನಿವೇದನೆ. ಘನಪಾಪಗಳನ್ನು ಬಗೆ ಮತ್ತು ಎಣಿಕೆ ಸಮೇತ ಹೇಳಬೇಕೆನ್ನುತ್ತದೆ ಧರ್ಮಸಭೆಯ, ಅಂದರೆ ನಮ್ಮ ಕಥೋಲಿಕ ಚರ್ಚಿನ, ಕಾನೂನು. ಲೆಕ್ಕ ನೆನಪಿಲ್ಲದಿದ್ದರೆ “ತಿಂಗಳಿಗೆ ಒಂದೆರಡು ಸಲ, ಸುಮಾರು ಎರಡು ವರ್ಷ” ಎಂದರೆ ಸಾಕು. ಪೂಜೆಯ ಆರಂಭದಲ್ಲಿ ಹೇಳುತ್ತೇವಲ್ಲ, ಮನಸ್ಸು, ಮಾತು, ಕೃತ್ಯ, ಕರ್ತವ್ಯಲೋಪ, ಆ ನಾಲ್ಕನ್ನೂ ಹಿಡಿದು ಹುಡುಕು. ಎಲ್ಲರೂ ಮರೆಯುವುದು ಕೊನೆಯದನ್ನು. ಗಂಡನ ತಪ್ಪು, ಅತ್ತೆಯ ತಪ್ಪು ಆ ಹಾಳೆಯಲ್ಲಿ ಬರಕೂಡದು.

ಶನಿವಾರ ಸಂಜೆಯ ಪೂಜೆಗೆ ಮುಂಚೆ ಬಹಳಷ್ಟು ಧರ್ಮಕೇಂದ್ರಗಳಲ್ಲಿ ಗುರುಗಳು ಕೂತಿರುತ್ತಾರೆ, ಮೊದಲೇ ಫೋನು ಮಾಡಿ ಕೇಳು. ವರ್ಷಗಳ ಮೂಟೆ ಹೊತ್ತು ಪವಿತ್ರ ವಾರದಲ್ಲಿ ಮಾತ್ರ ಹೋಗಬೇಡ. ಸಾಲು ಉದ್ದ ಇರುತ್ತದೆ, ಹಿಂದೆ ನಿಂತವರ ಕೆಮ್ಮು ಕೇಳಿಸಿದರೆ ನೀನು ಅರ್ಧ ನುಂಗಿಬಿಡುತ್ತೀಯ. “ಬಹಳ ವರ್ಷಗಳಾಗಿವೆ ಫಾದರ್, ಇಪ್ಪತ್ತು ನಿಮಿಷ ಬೇಕು” ಎಂದು ಬೇರೆ ಸಮಯ ಕೇಳಿಕೋ. ಎದುರೆದುರು ಕೂತು ಹೇಳುವುದು ಕಷ್ಟವಾದರೆ ಗುರುಗಳಿಗೂ ನಿನಗೂ ನಡುವೆ ಇರುವ ಜಾಲರಿಯ ಈಚೆ ಮಂಡಿಯೂರು, ಅದು ನಿನ್ನ ಹಕ್ಕು. ಅಲ್ಲಿ ಕನ್ನಡ ಬರುವ ಗುರುಗಳು ಇಲ್ಲದಿದ್ದರೆ ಬರುವ ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ತಪ್ಪುತಪ್ಪಾಗಿಯೇ ಹೇಳು, ವ್ಯಾಕರಣ ನೋಡುವವರು ಅಲ್ಲಿ ಯಾರೂ ಇಲ್ಲ.

ಶಿಲುಬೆಯ ಗುರುತು ಹಾಕಿ, ಕೊನೆಯ ನಿವೇದನೆಯಾಗಿ ಎಷ್ಟು ವರ್ಷವಾಯಿತೆಂದು ಹೇಳು. ಅತ್ಯಂತ ನಾಚಿಕೆಯದನ್ನೇ ಮೊದಲು ಹೇಳು. ಸಣ್ಣದರಿಂದ ಶುರುಮಾಡಿದವರು ದೊಡ್ಡದು ಬರುವಷ್ಟರಲ್ಲಿ ಧೈರ್ಯ ಕಳೆದುಕೊಳ್ಳುತ್ತಾರೆ. ಒಂದನ್ನು ಬೇಕೆಂದೇ ಮುಚ್ಚಿಟ್ಟರೆ ನಿವೇದನೆಯೇ ಕೆಡುತ್ತದೆ, ಮರೆತರೆ ಕೆಡುವುದಿಲ್ಲ. ಮರೆತದ್ದನ್ನು ಮುಂದಿನ ಸಲ ಹೇಳಿದರಾಯಿತು. ಪಶ್ಚಾತ್ತಾಪದ ಪ್ರಾರ್ಥನೆ ಮರೆತುಹೋಗಿದ್ದರೆ ನಿನ್ನದೇ ಮಾತಿನಲ್ಲಿ ಹೇಳು. ಗುರುಗಳು ಕೇಳಿದ್ದನ್ನು ಹೊರಗೆ ಹೇಳುವಂತಿಲ್ಲ. ಧರ್ಮಸಭೆಯ ಕಾನೂನಿನ 983ನೆಯ ವಿಧಿ ಅದು, ನೇರವಾಗಿ ಮುರಿದ ಗುರು ಆ ಕ್ಷಣವೇ ಬಹಿಷ್ಕೃತನಾಗುತ್ತಾನೆ. ಗರ್ಭಪಾತ ಮಾಡಿಸಿಕೊಂಡವರು ಬಿಷಪರ ಹತ್ತಿರವೇ ಹೋಗಬೇಕು ಎಂದು ಈಗಲೂ ಹೇಳುವವರಿದ್ದಾರೆ. 2016ರ ನವೆಂಬರಿನಲ್ಲಿ ಪೋಪ್ ಫ್ರಾನ್ಸಿಸರು ಆ ಪಾಪವನ್ನು ಕ್ಷಮಿಸುವ ಅಧಿಕಾರವನ್ನು ಎಲ್ಲ ಗುರುಗಳಿಗೂ ವಿಸ್ತರಿಸಿದರು. ನಿನ್ನ ಗೆಳತಿಯರಲ್ಲಿ ಯಾರಿಗಾದರೂ ಬೇಕಾದೀತು, ಹೇಳು.

ಕೊನೆಗೆ ಕೊರಳಿಗೆ ನೇರಳೆ ಪಟ್ಟಿ (ಸ್ಟೋಲ್) ಹಾಕಿದ ಆ ಗುರುಗಳು ಕೈ ಚಾಚಿ, ಪಿತನ, ಸುತನ ಮತ್ತು ಪವಿತ್ರಾತ್ಮರ ನಾಮದಲ್ಲಿ ನಿನ್ನ ಪಾಪಗಳನ್ನು ಕ್ಷಮಿಸುತ್ತೇನೆ ಎನ್ನುತ್ತಾರೆ. ಆಗ ಮುಂದೆ ಮಾಡಬೇಕಾದ ಪ್ರಾಯಶ್ಚಿತ್ತದ ಬಗ್ಗೆ ಯೋಚಿಸುತ್ತಾ ಇರಬೇಡ. ಆ ವಾಕ್ಯ ಕೇಳಿಸಿಕೋ. ನಿನ್ನ ಬಾಯಿಂದ ನೀನು ಹೇಳಿಕೊಳ್ಳಲಾಗದ ವಾಕ್ಯ ಅದೇ. ಕಿವಿಯಿಂದ ಒಳಗೆ ಹೋಗಬೇಕು.

ಗುರುಗಳು ಗಡಸಾಗಿ ಮಾತಾಡಿದರೆ? ಹಾಗೂ ಆಗುತ್ತದೆ. ಕ್ಷಮೆ ಅವರ ಸ್ವಭಾವದಿಂದ ಬರುವುದಲ್ಲ. ಮುಂದಿನ ಸಲ ಬೇರೆಯವರ ಹತ್ತಿರ ಹೋಗು.

ಇಷ್ಟಾದ ಮೇಲೆ ಮನುಷ್ಯರ ಲೆಕ್ಕ ಉಳಿಯುತ್ತದೆ. ಯಾಜಕಕಾಂಡದ 6ನೆಯ ಅಧ್ಯಾಯದ ಪ್ರಕಾರ ಮೋಸದಿಂದ ತೆಗೆದುಕೊಂಡದ್ದಕ್ಕೆ ಐದನೆಯ ಒಂದು ಪಾಲು ಸೇರಿಸಿ ಹಿಂದಿರುಗಿಸಬೇಕು, ಅಂದರೆ ಹತ್ತು ಸಾವಿರಕ್ಕೆ ಹನ್ನೆರಡು ಸಾವಿರ. ಶುಭಸಂದೇಶದಲ್ಲಿ ಬರುವ ಸುಂಕದ ಜಕ್ಕಾಯ ನಾಲ್ಕರಷ್ಟು ಕೊಡುತ್ತೇನೆಂದ. ನಿನ್ನ ಮೇಲೆ ಆ ಲೆಕ್ಕ ಹೇರುತ್ತಿಲ್ಲ, ಆದರೆ ಅಸಲಂತೂ ಹೋಗಲೇಬೇಕು. ಹೆಸರು ಹೇಳದೆ ತಲುಪಿಸಿದರೂ ಆದೀತು. ಕೊಡಬೇಕಾದವರು ತೀರಿಕೊಂಡಿದ್ದರೆ ಅವರ ಮಕ್ಕಳಿಗೆ, ಅವರೂ ಸಿಗದಿದ್ದರೆ ಬಡವರಿಗೆ. ಯಾರ ಹೆಸರನ್ನಾದರೂ ಕೆಡಿಸಿದ್ದರೆ, ಆ ಮಾತು ಕೇಳಿಸಿಕೊಂಡವರ ಹತ್ತಿರ ಹೋಗಿ “ನಾನು ಹೇಳಿದ್ದು ಸುಳ್ಳು” ಎನ್ನಬೇಕು. ಹಣಕ್ಕಿಂತ ಇದು ಕಷ್ಟ.

ಕ್ಷಮೆ ಕೇಳುವಾಗ ಮೂರು ವಾಕ್ಯ ಸಾಕು. ಏನು ಮಾಡಿದೆ, ಅದು ತಪ್ಪು, ಸರಿಪಡಿಸಲು ಏನು ಮಾಡುತ್ತೇನೆ. “ನಿಮಗೆ ಬೇಜಾರಾಗಿದ್ದರೆ” ಎಂಬ ‘ದ್ದರೆ’ ಬೇಡ. ಆವತ್ತಿನ ನಿನ್ನ ಕಷ್ಟಗಳ ಪಟ್ಟಿಯೂ ಬೇಡ. ಕ್ಷಮಿಸಿದೆ ಎನ್ನಿ ಎಂದು ಕಾದು ನಿಲ್ಲಬೇಡ, ಅವರಿಗೆ ಸಮಯ ಬೇಕು. ಅವರು ಬಾಗಿಲು ಮುಚ್ಚಿದರೆ, ನಿಮ್ಮಿಂದಾದಷ್ಟು ಎಲ್ಲರೊಡನೆ ಸಮಾಧಾನದಿಂದಿರಿ ಎಂದು ರೋಮದವರಿಗೆ ಬರೆದ ಪತ್ರದ 12ನೆಯ ಅಧ್ಯಾಯ ಹೇಳುವುದನ್ನು ನೆನಪಿಡು, ‘ನಿಮ್ಮಿಂದಾದಷ್ಟು’ ಎಂಬ ಮಾತು ಅಲ್ಲಿದೆ. ನಿನ್ನ ಎದೆ ಹಗುರವಾಗಲೆಂದು ಏನೂ ತಿಳಿಯದ ಇನ್ನೊಬ್ಬರ ಸಂಸಾರ ಒಡೆಯುವ ಸತ್ಯವನ್ನು ಹೇಳಲು ಹೊರಡಬೇಡ. ಅಂಥದ್ದಿದ್ದರೆ ಮೊದಲು ಗುರುಗಳನ್ನೇ ಕೇಳು.

ಇಷ್ಟಾದ ಮೇಲೂ ರಾತ್ರಿ ಎರಡು ಗಂಟೆಗೆ ಅದೇ ನೆನಪು ಬರುತ್ತದೆ. ಬರಲಿ. ಕ್ಷಮೆ ಸಿಕ್ಕಿತೆಂದು ನೆನಪು ಹೋಗುವುದಿಲ್ಲ, ಪೇತ್ರನಿಗೂ ಹೋಗಿರಲಿಕ್ಕಿಲ್ಲ. ತಪ್ಪು ನಡೆಯುವುದು ಆಮೇಲೆ, ಸರಿಯಾಗಿ ಹೇಳಿದೆನೋ ಇಲ್ಲವೋ ಎಂದು ಮತ್ತೆ ಮತ್ತೆ ಅದನ್ನೇ ನಿವೇದಿಸುವುದರಲ್ಲಿ. ಲೊಯೋಲದ ಸಂತ ಇಗ್ನಾಸಿಯವರು 1522ರಲ್ಲಿ ಮನ್ರೆಸಾದಲ್ಲಿ ಇದೇ ಸಂಕಟದಲ್ಲಿ ಪ್ರಾಣ ಕಳೆದುಕೊಳ್ಳುವ ಯೋಚನೆಯವರೆಗೂ ಹೋಗಿದ್ದರು. ಹಳೆಯದನ್ನು ಇನ್ನು ನಿವೇದಿಸುವುದಿಲ್ಲ ಎಂದು ನಿರ್ಧರಿಸಿದ ಮೇಲೆಯೇ ಬಿಡುಗಡೆಯಾಯಿತು. ನೀನೂ ಒಬ್ಬರೇ ಗುರುಗಳನ್ನು ಹಿಡಿದುಕೋ, ಇದನ್ನು ಮತ್ತೆ ಹೇಳಬೇಡ ಎಂದರೆ ಹೇಳಬೇಡ. ನೆನಪು ಬಂದಾಗ 130ನೆಯ ಕೀರ್ತನೆ ಓದು, ಎಂಟೇ ಚರಣ. ಸಂತ ಅಗಸ್ಟೀನರು 430ರಲ್ಲಿ ಸಾಯುವ ಮುಂಚೆ ದಾವೀದನ ಪಶ್ಚಾತ್ತಾಪದ ಕೀರ್ತನೆಗಳನ್ನು ಬರೆಸಿ, ಮಲಗಿದಲ್ಲಿಂದ ಕಾಣುವಂತೆ ಗೋಡೆಗೆ ಹಾಕಿಸಿಕೊಂಡಿದ್ದರು. ವಾರಗಟ್ಟಲೆ ನಿದ್ದೆ ಬಾರದಿದ್ದರೆ, ಊಟ ಸೇರದಿದ್ದರೆ, ಬದುಕು ಬೇಡ ಅನ್ನಿಸಿದರೆ ಅದಕ್ಕೆ ಪ್ರಾರ್ಥನೆಯೊಂದೇ ಸಾಲದು, ಡಾಕ್ಟರೂ ಬೇಕು. ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನು ಮಾಡಬಹುದು. ನನಗೂ ಮಾಡು, ಎಷ್ಟು ಹೊತ್ತಿನಲ್ಲಾದರೂ.

ಆ ಹಾಳೆಯನ್ನು ಹೊರಗೆ ಬಂದ ತಕ್ಷಣ ಹರಿದು ಸುಟ್ಟುಬಿಡು, ಪರ್ಸಿನಲ್ಲಿ ಇಟ್ಟುಕೊಳ್ಳಬೇಡ. ಎಡಗಡೆ ಏನು ಬರೆದಿದ್ದೆ ಎಂದು ನಾನು ಕೇಳುವುದಿಲ್ಲ. ಬಲಗಡೆಯದನ್ನು ಮಾತ್ರ, ಮನಸ್ಸಾದರೆ, ಊರಿಗೆ ಬಂದಾಗ ಹೇಳು. ಅದಕ್ಕೆ ಇಬ್ಬರೂ ಕೂತು ಅಳೋಣ.

ನಿನ್ನ ಅಮ್ಮ