ಆ ಒಂದು ಗೆಲುವು ಯಾರ ಖಾತೆಗೆ?

ಪ್ರೀತಿಯ ಮಂಜ,

ಮೊನ್ನೆ ಫೋನಲ್ಲಿ ಬೇಸ್‌ಬಾಲ್ ಬಗ್ಗೆ "ಆ ದೊಣ್ಣೆ ಆಟದಲ್ಲಿ ಅಂಥದ್ದೇನು ಕಂಡೆಯೋ, ನಮ್ಮ ಕ್ರಿಕೆಟ್ ಬಿಟ್ಟು?" ಅಂತ ಕಿಚಾಯಿಸಿದೆಯಲ್ಲ, ಆಗ ಮಗಳನ್ನ ಸ್ಕೂಲಿಂದ ಕರೆತರುವ ಅವಸರ. ಸರಿಯಾಗಿ ಉತ್ತರ ಕೊಡೋಕಾಗಲಿಲ್ಲ. ಈಗ ಕಾಫಿ ಲೋಟ ಪಕ್ಕಕ್ಕಿಟ್ಟುಕೊಂಡು ಕೂತಿದ್ದೀನಿ. ನಾಲ್ಕು ಜನ ಓದಲಿ ಅಂತ ಎಲ್ಲರಿಗೂ ಕಾಣುವ ಹಾಗೇ ಬರೀತೀನಿ. ನಿನ್ನ ಮಾನ ಪೂರ್ತಿ ಕಳೆಯಲ್ಲ, ಹೆದರಬೇಡ.

ಅಮೆರಿಕದಲ್ಲಿ ನಾನಿರುವ ಪ್ರಾವಿಡೆನ್ಸ್ ಊರಲ್ಲಿ ಮೆಸ್ಸರ್ ಸ್ಟ್ರೀಟ್ ಅಂತ ಒಂದು ಬೀದಿ ಇದೆ. ಹಳೇ ಕಾಲದ ಮರದ ಮನೆಗಳು, ಸಾಲಾಗಿ ನಿಲ್ಲಿಸಿದ ಕಾರುಗಳು, ಅಷ್ಟೇ. ಒಂದು ಕಾಲದಲ್ಲಿ ಇಲ್ಲೇ ಮೈದಾನವಿತ್ತು ಅಂದರೆ ನಂಬೋದು ಕಷ್ಟ. ಪ್ರಾವಿಡೆನ್ಸ್ ಗ್ರೇಸ್ ಅನ್ನೋ ತಂಡ 1878ರಿಂದ 1885ರವರೆಗೆ, ಬರೀ ಎಂಟು ಸೀಸನ್, ಇಲ್ಲಿನ ದೊಡ್ಡ ಬೇಸ್‌ಬಾಲ್ ಲೀಗ್ ಆದ ನ್ಯಾಷನಲ್ ಲೀಗ್‌ನಲ್ಲಿ ಆಡಿ ಮಾಯವಾಯ್ತು. ಆದರೆ ಆ ಎಂಟು ವರ್ಷದಲ್ಲಿ ಅವರ ಪಿಚರ್‌ಗಳು (ನಮ್ಮ ಬೌಲರ್‌ಗಳ ಹಾಗೆ ಚೆಂಡು ಎಸೆಯುವವರು) ಬರೆಸಿಟ್ಟು ಹೋದ ಲೆಕ್ಕ ಇದೆಯಲ್ಲ, ಅದನ್ನ ನೋಡಿದರೆ ನಿನ್ನಂಥ ಸ್ಕೋರರ್‌ಗೆ ರಾತ್ರಿ ನಿದ್ದೆ ಬರಲ್ಲ.

ಮೊದಲು ಜಾನ್ ವಾರ್ಡ್. 1880ರ ಜೂನ್ 17, ಹುಡುಗನಿಗೆ ಆಗ ಇಪ್ಪತ್ತೇ ವರ್ಷ. ಬಫಲೋ ತಂಡದ ಒಂಬತ್ತು ಬ್ಯಾಟರ್‌ಗಳು ಸರದಿಯಲ್ಲಿ 27 ಸಲ ಬಂದರು, 27 ಸಲವೂ ಹಾಗೇ ವಾಪಸ್. ಒಬ್ಬನೂ ಮೊದಲ ಬೇಸ್, ಅಂದರೆ ಬ್ಯಾಟರ್ ಓಡಿ ಮುಟ್ಟಬೇಕಾದ ಮೊದಲ ಗುರುತು, ಮುಟ್ಟಲಿಲ್ಲ. ಇದಕ್ಕೆ ಪರ್ಫೆಕ್ಟ್ ಗೇಮ್ ಅಂತಾರೆ. ತಮಾಷೆ ಏನು ಗೊತ್ತಾ, ಲೀಗ್‌ನ ಮೊಟ್ಟಮೊದಲ ಪರ್ಫೆಕ್ಟ್ ಗೇಮ್ ಆಗಿದ್ದು ಅದಕ್ಕೆ ಐದೇ ದಿನ ಮುಂಚೆ, ಪಕ್ಕದ ವೂಸ್ಟರ್‌ನಲ್ಲಿ. ನ್ಯಾಷನಲ್ ಲೀಗ್‌ನಲ್ಲಿ ಮೂರನೆಯದಕ್ಕೆ 1964ರವರೆಗೆ ಕಾಯಬೇಕಾಯ್ತು! ನಮ್ಮೂರಲ್ಲಿ ಬಸ್ಸು ಬರುವ ಹಾಗೆ: ಬಂದರೆ ಎರಡು ಒಟ್ಟಿಗೆ, ಆಮೇಲೆ ದೇವರೇ ಗತಿ.

ಆಮೇಲೆ ಚಾರ್ಲಿ ಸ್ವೀನಿ. 1884ರ ಜೂನ್ 7ರಂದು ಬಾಸ್ಟನ್ ತಂಡದವರನ್ನ ಒಂದೇ ಪಂದ್ಯದಲ್ಲಿ 19 ಸಲ ಸ್ಟ್ರೈಕ್‌ಔಟ್ ಮಾಡಿದ, ಅಂದರೆ ಮೂರು ಸ್ಟ್ರೈಕ್‌ಗೆ (ಬ್ಯಾಟರ್ ತಪ್ಪಿಸಿಕೊಂಡ ಎಸೆತಕ್ಕೆ) ಔಟ್. ಆಗ ಫೌಲ್ ಹೊಡೆದರೆ, ಅಂದರೆ ಚೆಂಡು ಗೆರೆಯಾಚೆ ಹೋದರೆ, ಅದು ಸ್ಟ್ರೈಕ್ ಲೆಕ್ಕಕ್ಕೆ ಸೇರುತ್ತಿರಲಿಲ್ಲ, ಅದನ್ನೂ ಗಮನಿಸು. ಒಂಬತ್ತು ಇನ್ನಿಂಗ್ಸ್‌ನ ಆಟದಲ್ಲಿ 20 ಮುಟ್ಟಿದವನು 1986ರಲ್ಲಿ ರೋಜರ್ ಕ್ಲೆಮೆನ್ಸ್. ಆದರೆ ಸ್ವೀನಿಗೆ ಕುಡಿತದ ಚಟ, ಜೊತೆಗೆ ಮೂಗಿನ ತುದಿಯಲ್ಲೇ ಕೋಪ. ಜುಲೈ 22ರಂದು ತಂಡ ಮುಂದಿರುವಾಗ ಮ್ಯಾನೇಜರ್ ಫ್ರಾಂಕ್ ಬ್ಯಾಂಕ್ರಾಫ್ಟ್ "ಚೆಂಡು ಬೇರೆಯವನಿಗೆ ಕೊಟ್ಟು ರೈಟ್ ಫೀಲ್ಡ್‌ಗೆ ಹೋಗು" ಅಂದದ್ದಕ್ಕೆ ಮೈದಾನ ಬಿಟ್ಟೇ ನಡೆದ. ಬದಲಿ ಆಟಗಾರರನ್ನ ಇಳಿಸುವ ಹಾಗಿರಲಿಲ್ಲ. ಉಳಿದ ಎಂಟೇ ಜನ ಆಡಿ, ಗೆಲ್ಲುವ ಪಂದ್ಯವನ್ನ ಫಿಲಡೆಲ್ಫಿಯಾಗೆ 10-6ರಲ್ಲಿ ಕಳೆದುಕೊಂಡರು. ಸ್ವೀನಿಯನ್ನ ಓಡಿಸಿದರು.

ಈಗ ನಿಜವಾದ ಕತೆ. ತಂಡದ ಇನ್ನೊಬ್ಬ ದೊಡ್ಡ ಪಿಚರ್ ಚಾರ್ಲ್ಸ್ ರಾಡ್‌ಬರ್ನ್. ಜನ ಕರೆಯುತ್ತಿದ್ದದ್ದು 'ಓಲ್ಡ್ ಹಾಸ್', ಅಂದರೆ ಮುದಿ ಕುದುರೆ. ಸ್ವೀನಿಯನ್ನ ಎಲ್ಲರೂ ಹೊಗಳೋದು ನೋಡಿ ಹೊಟ್ಟೆಯಲ್ಲಿ ಬೆಂಕಿ ಬಿದ್ದು, ಮುನಿಸಿಕೊಂಡು, ಅದೇ ವಾರ ಅವನೂ ಸಸ್ಪೆಂಡ್ ಆಗಿ ಕೂತಿದ್ದ. ಪಿಚರ್‌ಗಳೇ ಇಲ್ಲ, ತಂಡವನ್ನೇ ಮುಚ್ಚಿಬಿಡೋಣವಾ ಅನ್ನೋ ಮಾತು ಬಂತು. ಆಗ ರಾಡ್‌ಬರ್ನ್ ಷರತ್ತು ಹಾಕಿದ: ಸಂಬಳ ಹೆಚ್ಚು ಕೊಡಿ, ಸೀಸನ್ ಮುಗಿದ ಮೇಲೆ ಕರಾರಿನಿಂದ ಬಿಡಿ, ಉಳಿದ ಆಟವನ್ನೆಲ್ಲ ನಾನೇ ಎಸೆಯುತ್ತೀನಿ. ತ್ಯಾಗಗೀಗ ಏನಿಲ್ಲ ಕಣೋ, ಅಪ್ಪಟ ವ್ಯಾಪಾರ. ಅದಕ್ಕೇ ನನಗೆ ಈ ಮನುಷ್ಯ ಇಷ್ಟ.

ಹೆಚ್ಚುಕಮ್ಮಿ ಹೇಳಿದ ಹಾಗೇ ಎಸೆದ. ಆ ಸೀಸನ್‌ನಲ್ಲಿ 73 ಪಂದ್ಯ ಶುರು ಮಾಡಿದ, 73ನ್ನೂ ತಾನೇ ಮುಗಿಸಿದ. 678 ಇನ್ನಿಂಗ್ಸ್ ಮೇಲೆ ಇನ್ನೆರಡು ಔಟ್. ನಿನಗೆ ಅರ್ಥವಾಗುವ ಹಾಗೆ, ಇನ್ನಿಂಗ್ಸ್‌ಗೆ ಮೂರು ಔಟ್‌ನಂತೆ ಗುಣಿಸಿದೆ: 2036 ಔಟ್, ಒಬ್ಬನೇ ಪಿಚರ್ ಇರುವಾಗ, ಒಂದೇ ಸೀಸನ್‌ನಲ್ಲಿ! ಇವತ್ತು ಸೀಸನ್‌ಗೆ 200 ಇನ್ನಿಂಗ್ಸ್ ದಾಟುವವರು ಬೆರಳೆಣಿಕೆ. ಸ್ಟ್ರೈಕ್‌ಔಟ್ 441. ಬೆಳಿಗ್ಗೆ ಎದ್ದರೆ ತಲೆ ಬಾಚೋಕೂ ಬಲಗೈ ಮೇಲೆ ಬರುತ್ತಿರಲಿಲ್ಲವಂತೆ. ಮೈದಾನಕ್ಕೆ ಬಂದು ಮೊದಲು ನಾಲ್ಕಾರು ಅಡಿ ದೂರಕ್ಕೆ ಸುಮ್ಮನೆ ಉರುಳಿಸಿದ ಹಾಗೆ ಎಸೆಯೋದು, ಒಂದೊಂದೇ ಹೆಜ್ಜೆ ಹಿಂದೆ ಸರಿಯೋದು, ಭುಜ ಬಿಸಿಯಾಗಿ ಸಡಿಲವಾದ ಮೇಲೆ ಆಟ ಶುರು. ಕುಂಬ್ಳೆ ಆಂಟಿಗುವಾದಲ್ಲಿ ದವಡೆಗೆ ಬ್ಯಾಂಡೇಜ್ ಸುತ್ತಿಕೊಂಡು ಹಾಕಿದ 14 ಓವರ್ ಕತೆ ನೀನು ನೂರು ಸಲ ಹೇಳಿದ್ದೀಯಲ್ಲ, ಇವನದು ಎರಡು ತಿಂಗಳು ಅದೇ ಪಾಡು.

ಆಗ ಪಿಚರ್ ನಿಲ್ಲುತ್ತಿದ್ದದ್ದು ಇವತ್ತಿಗಿಂತ ಹತ್ತಿರ, 50 ಅಡಿ ದೂರದಲ್ಲಿ, ಸಮತಟ್ಟು ನೆಲದ ಮೇಲೆ. ಕೈಯನ್ನ ಭುಜದಿಂದ ಮೇಲೆತ್ತಿ ಎಸೆಯೋಕೆ ಲೀಗ್ ಒಪ್ಪಿದ್ದೂ ಅದೇ ವರ್ಷ. ಹಾಗಾಗಿ ಇವತ್ತಿನವರ ಜೊತೆ ತಕ್ಕಡಿಗೆ ಹಾಕಿ ತೂಗೋದು ಸರಿಯಲ್ಲ, ಒಪ್ಪುತ್ತೀನಿ. ತಂಡ 84 ಗೆದ್ದು ಲೀಗ್ ಚಾಂಪಿಯನ್ ಆಯ್ತು. ಅಕ್ಟೋಬರ್‌ನಲ್ಲಿ ಇನ್ನೊಂದು ಲೀಗ್ ಗೆದ್ದ ನ್ಯೂಯಾರ್ಕ್‌ನ ಮೆಟ್ರೋಪಾಲಿಟನ್ಸ್ ಮೇಲೆ ಮೂರು ದಿನ ಮೂರು ಪಂದ್ಯ, ಮೂರರಲ್ಲೂ ಇವನೇ, ಮೂರೂ ಗೆಲುವು.

ಇನ್ನು ನಿನಗೇ ಅಂತ ಎತ್ತಿಟ್ಟ ವಿಷಯ. ಬೇಸ್‌ಬಾಲ್‌ನಲ್ಲಿ ತಂಡದ ಪ್ರತಿ ಗೆಲುವನ್ನೂ ಒಬ್ಬ ಪಿಚರ್ ಹೆಸರಿಗೆ ಬರೀತಾರೆ. ಆ 84ರಲ್ಲಿ ರಾಡ್‌ಬರ್ನ್ ಗೆದ್ದದ್ದೆಷ್ಟು? ಕೆಲವು ಪುಸ್ತಕದಲ್ಲಿ 59, ಕೆಲವದರಲ್ಲಿ 60. ಜಗಳವೆಲ್ಲ ಜುಲೈ 28ರ ಫಿಲಡೆಲ್ಫಿಯಾ ಪಂದ್ಯದ್ದು. ಅವತ್ತು ಮೊದಲ ಐದು ಇನ್ನಿಂಗ್ಸ್ ಎಸೆದವನು ಸೈಕ್ಲೋನ್ ಮಿಲ್ಲರ್. ಆರನೆಯದರಲ್ಲಿ ಚೆಂಡು ರಾಡ್‌ಬರ್ನ್ ಕೈಗೆ ಬರುವ ಹೊತ್ತಿಗೆ ತಂಡ ಮುಂದಿತ್ತು. ಅವನು ಉಳಿದ ನಾಲ್ಕು ಇನ್ನಿಂಗ್ಸ್‌ನಲ್ಲಿ ಒಂದು ರನ್ನೂ ಬಿಡಲಿಲ್ಲ. 11-4. ಚೆನ್ನಾಗಿ ಎಸೆದವನು ಇವನೇ ಅಂತ ಅಂದಿನ ಸ್ಕೋರರ್ ಗೆಲುವನ್ನ ರಾಡ್‌ಬರ್ನ್ ಹೆಸರಿಗೆ ಬರೆದ. ಇವತ್ತಿನ ನಿಯಮ ಹಿಡಿದರೆ ಅದು ಮಿಲ್ಲರ್‌ದು. ನೂರನಲವತ್ತು ವರ್ಷವಾಯ್ತು, ಆ ಒಂದು ಗೆಲುವು ಇನ್ನೂ ಅತ್ತಿಂದಿತ್ತ ಓಡಾಡ್ತಾ ಇದೆ.

ನನ್ನ ಮನಸ್ಸು ಮಿಲ್ಲರ್ ಕಡೆಗೇ ವಾಲುತ್ತೆ. ರಾಡ್‌ಬರ್ನ್‌ಗೆ 59 ಆದರೇನು, 60 ಆದರೇನು, ಬೇಸ್‌ಬಾಲ್ ದಿಗ್ಗಜರ ಹಾಲ್ ಆಫ್ ಫೇಮ್‌ನಲ್ಲಿ ಅವನ ಫಲಕ ಇದ್ದೇ ಇದೆ. ಐದು ಇನ್ನಿಂಗ್ಸ್ ಬೆವರು ಸುರಿಸಿದವನಿಗೆ ಅದೊಂದು ಬಿಡಬಾರದಿತ್ತೇ?

ಯಾಕೆ ಹೀಗನ್ನಿಸುತ್ತೆ ಅಂತ ನಿನಗೆ ಗೊತ್ತು. ತಿಪಟೂರಿನ ಆ ಟೆನಿಸ್ ಬಾಲ್ ಫೈನಲ್. ನಿನ್ನ ಮಾವನ ಕೊಬ್ಬರಿ ಮಂಡಿಯ ಕೆಂಪು ರಟ್ಟಿನ ಖಾತೆ ಪುಸ್ತಕ, ಮುಂದೆ ಕ್ವಿಂಟಾಲ್ ಲೆಕ್ಕ, ಹಿಂದಿನಿಂದ ನಮ್ಮ ಸ್ಕೋರು. ನಾಲ್ಕು ವಿಕೆಟ್ ತಗೊಂಡಿದ್ದೆ. ಬ್ಯಾಟ್ಸ್‌ಮನ್ ನೇರ ಹೊಡೆದ ಚೆಂಡು ನನ್ನ ಬೆರಳು ಸವರಿ ಈ ಕಡೆಯ ಸ್ಟಂಪ್‌ಗೆ ಬಡಿದು, ನಾನ್‌ಸ್ಟ್ರೈಕರ್ ಔಟ್. ನೀನು 'ರನ್ ಔಟ್' ಅಂತ ಬರೆದೆ, ನನ್ನ ಹೆಸರಿನ ಮುಂದೆ ನಾಲ್ಕೇ ಉಳೀತು. ನಿಯಮದ ಪ್ರಕಾರ ನೀನೇ ಸರಿ. ಆದರೂ ಉಗುರು ಕಿತ್ತುಹೋಗಿದ್ದು ನನ್ನ ಬೆರಳಲ್ಲಿ ತಾನೇ?

ಆ ಪುಸ್ತಕ ಇನ್ನೂ ಮಾವನ ಮನೆ ಅಟ್ಟದಲ್ಲಿದ್ದರೆ, ಆ ಪುಟದ ಫೋಟೋ ತೆಗೆದು ವಾಟ್ಸಾಪ್ ಮಾಡು. ಮಿಲ್ಲರ್ ಕೇಸಿನಲ್ಲಿ ನಿನ್ನ ತೀರ್ಪೇನು ಅಂತಲೂ ಬರಿ.

ಅತ್ತಿಗೆಗೆ ನಮಸ್ಕಾರ ಹೇಳು.

ಇಂತಿ ನಿನ್ನ,
ನಾಲ್ಕು ವಿಕೆಟ್‌ನವನು